ಇಸ್ತ್ರಿ ಕಾಣದ ಬನಿಯನ್

ಅಲುಗಿತೇ, ಇಲ್ಲ, ಅಲುಗಲಿಲ್ಲ, ಅದು ಅವನ ಉಸಿರು, ಬೆನ್ನು ಏರಿದಾಗ ಕುರುವೂ ಏರುತ್ತದೆ, ಇಳಿದಾಗ ಇಳಿಯುತ್ತದೆ, ಆದರೆ ಕುರುವಿನ ನಡುವೆ ಇರುವ ಆ ಕಪ್ಪು ಚುಕ್ಕೆಗೆ ಅದರದೇ ಬೇರೆ ಉಸಿರಿದೆ, ಕಟೊಂಗೊಗೆ ಗೊತ್ತು, ಗೊತ್ತಿಲ್ಲದೆ ಏನು, ಕ್ಲಿನಿಕ್ಕಿನಲ್ಲಿ ಎಷ್ಟು ಕೂಸುಗಳ ಮೈಯಿಂದ ಇಂಥ ಹುಳು ತೆಗೆದಿಲ್ಲ ಅವಳು, ಮೇಲೆ ದಪ್ಪಗೆ ವ್ಯಾಸಲೀನ್ ಮೆತ್ತಬೇಕು, ಗಾಳಿ ಸಿಗದೆ ಹುಳು ತಾನಾಗಿಯೇ ಮೇಲೆ ಬರಬೇಕು, ಬಂದಾಗ ಎರಡು ಹೆಬ್ಬೆರಳಿಂದ ಒತ್ತಬೇಕು, ಅಲ್ಲಿಯವರೆಗೆ ಕಾಯಬೇಕು, ಅಷ್ಟೇ — ಆ ಕಾಯುವುದೇ ಅವಳಿಂದಾಗದ ಕೆಲಸ, ಭಾನುವಾರದ ಮಧ್ಯಾಹ್ನ, ವಾರಕ್ಕೊಂದೇ ರಜೆ, ಮೂಲೆಯಲ್ಲಿ ಒಗೆಯದ ಬಟ್ಟೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿದೆ, ನಲ್ಲಿಯಲ್ಲಿ ನೀರು ಇನ್ನೆಷ್ಟು ಹೊತ್ತೋ, ಕರೆಂಟು ಆಗಲೇ ಹೋಗಿದೆ, ಇದ್ದಿಲು ಹೊತ್ತಿಸಬೇಕು, ಇಸ್ತ್ರಿಪೆಟ್ಟಿಗೆ ಕಾಯಿಸಬೇಕು, ಮತ್ತು ಅವಳು ಮಂಚದ ಅಂಚಿನಲ್ಲಿ ಕೂತು ಗಂಡನ ಬೆನ್ನು ನೋಡುತ್ತಿದ್ದಾಳೆ. ಸ್ವಲ್ಪ ಬೇಗ ಮಾಡು ಬಾನಾ ಮಪಾಲೊ, ಉರೀತಿದೆ, ಎನ್ನುತ್ತಾನೆ ಬೇಸಾ ದಿಂಬಿನೊಳಗಿಂದ. ಮಗಳು ಮಪಾಲೊ ಹುಟ್ಟಿದ ದಿನದಿಂದ ಅವಳು ಅವನಿಗೆ ಮಪಾಲೊನ ಅಮ್ಮ, ಅವನು ಅವಳಿಗೆ ಮಪಾಲೊನ ಅಪ್ಪ, ಸ್ವಂತ ಹೆಸರುಗಳು ಮದುವೆಯ ಬಟ್ಟೆಯ ಜೊತೆ ಪೆಟ್ಟಿಗೆ ಸೇರಿವೆ. ಸುಮ್ನೆ ಮಲ್ಕೊಳ್ಳಿ ಬಾಶಿ ಮಪಾಲೊ, ಅಲ್ಲಾಡಿದ್ರೆ ಅದು ಇನ್ನೂ ಒಳಗೆ ಹೋಗುತ್ತೆ. ಉರಿಯಲಿ, ಇನ್ನಷ್ಟು ಉರಿಯಲಿ, ತನ್ನ ಹೊಟ್ಟೆಯಲ್ಲಿ ಬೆಳಗಿನಿಂದ ಉರಿಯುತ್ತಿರುವುದರ ಮುಂದೆ ಆ ಕುರು ಯಾವ ಲೆಕ್ಕ. ಬೆಳಿಗ್ಗೆ ಚರ್ಚಿಗೆ ಹೊರಡುವಾಗ ಬೆನ್ನು ಕೆರೆದುಕೊಳ್ಳುತ್ತಿದ್ದವನನ್ನು, ಏನದು ತೋರಿಸಿ ಅಂದರೆ, ಏನಿಲ್ಲ ಏನಿಲ್ಲ ಅಂತ ಕೋಟು ಹಾಕಿಕೊಂಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದಾರಿಯುದ್ದಕ್ಕೂ ಹೆಗಲ ಹಿಂದೆ ಕೈ ಹಾಕುತ್ತಲೇ ಇದ್ದ. ಮನೆಗೆ ಬಂದು ಅಂಗಿ ತೆಗೆಸಿದಾಗ ಕಂಡದ್ದು ಇದು, ಬನಿಯನ್ನಿನ ಪಟ್ಟಿ ತಾಗುವ ಜಾಗದಲ್ಲಿ, ಕೆಂಪಗೆ, ನಡುವೆ ಒಂದು ಚುಕ್ಕೆ.

ಬನಿಯನ್ನಿನ ಪಟ್ಟಿ ತಾಗುವ ಜಾಗ, ಅಲ್ಲೇ ಇದೆ ವಿಷಯ, ಏಕೆಂದರೆ ಈ ಹುಳು ಗಾಳಿಯಲ್ಲಿ ಹಾರಿಬಂದು ಮೈ ಹೊಗುವುದಿಲ್ಲ, ಪುಟ್ಸಿ ನೊಣ ಒದ್ದೆ ಬಟ್ಟೆ ಹುಡುಕಿಕೊಂಡು ಬರುತ್ತದೆ, ನೆರಳಲ್ಲಿ ಹರವಿದ್ದು, ಹುಲ್ಲಿನ ಮೇಲೆ ಹರವಿದ್ದು ಅಂದರೆ ಅದಕ್ಕೆ ಪ್ರಾಣ, ಹೊಲಿಗೆಯ ಸಂದಿಯಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಬಿಸಿ ಇಸ್ತ್ರಿ ಒತ್ತಿದರೆ ಮೊಟ್ಟೆ ಸಾಯುತ್ತದೆ, ಒತ್ತದಿದ್ದರೆ ಹಾಕಿಕೊಂಡವನ ಚರ್ಮದೊಳಗೆ ಸಂಸಾರ ಹೂಡುತ್ತದೆ, ಇದನ್ನು ಈ ಕಿಟ್ವೆ ಊರಲ್ಲಿ ಹಲ್ಲು ಬಂದ ಹೆಣ್ಣುಮಕ್ಕಳೆಲ್ಲ ಬಲ್ಲರು, ಮದುವೆಗೆ ಮುಂಚೆ ಮುಸುಕು ಹಾಕಿ ಚಾಪೆಯ ಮೇಲೆ ಕೂರಿಸಿ ಬುದ್ಧಿ ಹೇಳುವ ನಚಿಂಬೂಸಾ ಮುದುಕಿಯರು ಗಂಡನ ಊಟ, ಗಂಡನ ಹಾಸಿಗೆ, ಗಂಡನ ಬಟ್ಟೆ ಅಂತ ಒಂದೊಂದನ್ನೂ ತೊಡೆ ಚಿವುಟಿ ಚಿವುಟಿ ಕಲಿಸಿದ್ದಾರೆ — ಕೇಳ್ಸಿಕೊಳ್ಳೇ ಹುಡುಗಿ, ಅವನ ಅಂಗಿ ಪ್ಯಾಂಟು ಕೆಲಸದವಳು ಒಗೀಲಿ, ಒಳಬಟ್ಟೆ ಮಾತ್ರ ನಿನ್ನ ಕೈಯಲ್ಲೇ ಒಗೀಬೇಕು, ನಿನ್ನ ಕೈಯಲ್ಲೇ ಇಸ್ತ್ರಿ ಕಾಣ್ಬೇಕು, ಗಂಡನ ಬನಿಯನ್ನು ಇನ್ನೊಬ್ಬಳ ಬಕೆಟ್ಟಿಗೆ ಬಿತ್ತು ಅಂದ್ರೆ ಗಂಡನೂ ಬಿದ್ದ ಅಂತಲೇ ತಿಳ್ಕೋ. ತೊಡೆಯ ಮೇಲಿನ ಆ ಚಿವುಟು ಇವತ್ತಿಗೂ ನೆನಪಿದೆ. ಕಟೊಂಗೊ ಒಗೆಯುವುದು ತಡವಾಗಬಹುದು, ಹೆರಿಗೆ ವಾರ್ಡಿನ ಪಾಳಿ ಮುಗಿಸಿ ಬಂದು ಮೆಕ್ಕೆಜೋಳದ ಹಿಟ್ಟಿನ ನ್ಶಿಮಾ ಮುದ್ದೆ ತಿರುವಿ ಮಗಳಿಗೆ ಉಣಿಸುವಷ್ಟರಲ್ಲಿ ಕೈಗಳು ತನ್ನವೇ ಅಲ್ಲ ಅನ್ನಿಸಬಹುದು, ರಾಶಿ ಸೂರು ಮುಟ್ಟಬಹುದು, ಆದರೆ ಇಸ್ತ್ರಿ ಕಾಣದ ಒಂದು ಚಿಂದಿಯೂ ಈ ಮನೆಯವರ ಮೈ ಏರಿದ್ದಿಲ್ಲ, ಬನಿಯನ್ನಿಗೆ ಎರಡೂ ಕಡೆ, ಕಾಲುಚೀಲಕ್ಕೂ, ಮಗಳ ಕರ್ಚೀಫಿಗೂ, ತನ್ನ ಒಳಲಂಗದ ಎಲಾಸ್ಟಿಕ್ಕಿಗೂ. ಪ್ರತಿ ಗುರುವಾರ ಕ್ಲಿನಿಕ್ಕಿನ ಜಗುಲಿಯಲ್ಲಿ ಹಸಿ ಬಾಣಂತಿಯರನ್ನು ಕೂರಿಸಿ, ಅಮ್ಮಂದಿರೇ ಇಸ್ತ್ರಿ ಮಾಡದ ಬಟ್ಟೆ ಕೂಸಿಗೆ ಸುತ್ತಬೇಡಿ ಅಂತ ಗಂಟಲು ಹರಿದುಕೊಳ್ಳುವವಳು ಅವಳು, ಈಗ ಅವಳದೇ ಗಂಡನ ಬೆನ್ನಲ್ಲಿ ಹುಳು, ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ. ತನ್ನ ಕೈಯಿಂದ ತಪ್ಪಾಗಿಲ್ಲ, ಆಗಿದ್ದೇ ಇಲ್ಲ, ಆದ್ದರಿಂದ ಲೆಕ್ಕ ಸರಳ, ಮಗ್ಗಿಗಿಂತ ಸರಳ, ಈ ಬನಿಯನ್ನು ಬೇರೆ ಎಲ್ಲೋ ಬಿಚ್ಚಿದ್ದು, ಬೇರೆ ಯಾರೋ ಒಗೆದದ್ದು, ಬೇರೆ ಯಾರದೋ ಹುಲ್ಲಿನ ಮೇಲೆ ಒಣಗಿದ್ದು. ಯಾರೋ ಏನು, ಕಿಟಕಿಯ ಕಡೆ ಕತ್ತು ತಿರುಗಿಸಿದರೆ ಕಾಣುತ್ತಾಳೆ.

ಕಾಣುತ್ತಾಳೆ ಅಂದರೆ ಆಕೆಯ ಹಗ್ಗ ಕಾಣುತ್ತದೆ, ಬೇಲಿಯಾಚೆ ಎಕ್ಸಿಲ್ಡಾಳ ಬಟ್ಟೆ ಹಗ್ಗ, ಭಾನುವಾರವೂ ಖಾಲಿಯಿಲ್ಲ, ಬಿಳಿ ಹಾಸಿಗೆ ಬಟ್ಟೆ, ಬಿಳಿ ದಿಂಬಿನ ಚೀಲ, ಕ್ಲಿಪ್ಪುಗಳು ಸಹ ಎಲ್ಲ ಒಂದೇ ಬಣ್ಣ, ನೀಲಿ — ಯಾವ ಹೆಂಗಸಿಗೆ ಕ್ಲಿಪ್ಪಿನ ಬಣ್ಣ ಹೊಂದಿಸುವಷ್ಟು ಬಿಡುವಿರುತ್ತದೆ, ಕೇಳಬೇಕಾದ ಮಾತು, ಗಂಡ ದೂರದ ಸೊಲ್ವೆಜಿಯ ಗಣಿಯಲ್ಲಿ, ಮಕ್ಕಳು ಅಜ್ಜಿ ಮನೆಯಲ್ಲಿ, ಆಕೆಯ ಕೈಗೆ ಇಡೀ ಹಗಲು ಬಿಟ್ಟಿ ಸಿಕ್ಕಿದೆ, ಬೆಳಿಗ್ಗೆ ಒಗೆದು ಮಧ್ಯಾಹ್ನ ಮಡಿಸಿ ಸಂಜೆ ಉಗುರಿಗೆ ಬಣ್ಣ ಹಚ್ಚಿ ಬಾಗಿಲಲ್ಲಿ ಕೂರುತ್ತಾಳೆ, ಉಗುರು ಹಾಗೇ ಇರುತ್ತದೆ, ಕಟೊಂಗೊಳ ಉಗುರು ನೋಡಿದರೆ ಯಾರಾದರೂ ಗೆಡ್ಡೆ ಅಗೆಯುವವಳು ಅಂದುಕೊಳ್ಳಬೇಕು. ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಮುಚ್ಚಿಡುವುದೇನು, ಆಕೆಯ ಬಿಳಿ ಹಾಸಿಗೆ ಬಟ್ಟೆ ಗಾಳಿಗೆ ಪಟಪಟ ಅಂದಾಗಲೆಲ್ಲ ತನ್ನ ಕೆನ್ನೆಗೆ ಯಾರೋ ಮೆಲ್ಲಗೆ ಬಾರಿಸಿದ ಹಾಗಾಗುತ್ತದೆ, ಬಾರಿಸಿ ನಕ್ಕ ಹಾಗೆ. ನಗುವುದೂ ಬಲ್ಲಳು, ಮೊನ್ನೆ ನಲ್ಲಿಯ ಹತ್ತಿರ ಎಲ್ಲ ಹೆಂಗಸರ ಎದುರಿಗೆ, ಬಾನಾ ಮಪಾಲೊ, ನಿಮ್ಮನೆ ಬಟ್ಟೆ ರಾಶಿ ಬಾಡಿಗೆಗೆ ಕೊಡ್ತೀರಾ, ಕೋಳಿ ಸಾಕ್ಬಹುದು ಅದರೊಳಗೆ, ಅಂದಳು, ಎಲ್ಲ ನಕ್ಕರು, ಆಮೇಲೆ ದನಿ ತಗ್ಗಿಸಿ, ಇಲ್ಲ ಅಕ್ಕ ತಮಾಷೆ, ನಿಜ ಹೇಳ್ತೀನಿ, ಕೊಡಿ ಇತ್ಲಾಗೆ, ನಾನು ಸುಮ್ನೆ ಕೂತಿರ್ತೀನಲ್ಲ, ಒಗ್ದು ಕೊಡ್ತೀನಿ — ಏನೂ ಬೇಡ ತಾಯಿ, ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ. ಅಕ್ಕನಂತೆ. ಬೇಸಾನನ್ನು ಭಾವ ಅನ್ನುತ್ತಾಳೆ, ಭಾವಾ ಅಂತ ಕೊನೆಗೆ ಒಂದು ಎಳೆತ, ಆ ಎಳೆತದ ಮೇಲೆ ಬಟ್ಟೆ ಒಣಹಾಕಬಹುದು. ಮತ್ತೆ ಆ ಬುಧವಾರ, ಅದನ್ನು ಎಷ್ಟು ಸಲ ನೆನೆದರೂ ಅದು ಹಾಗೇ ಇದೆ, ಪಾಳಿ ಮುಗಿಸಿ ಬರುವಾಗ ತಿರುವಿನಿಂದಲೇ ಕಂಡಿತು, ಬೇಸಾ ಬೇಲಿಯ ಪಕ್ಕದಲ್ಲಿ, ಕೈಯಲ್ಲಿ ಬಕೆಟ್ಟು, ಎಕ್ಸಿಲ್ಡಾ ಬೇಲಿಯ ಮೇಲಿಂದ ಬಗ್ಗಿ ಅವನ ಮುಷ್ಟಿಗೆ ಏನನ್ನೋ ತುರುಕುತ್ತಾಳೆ, ಅವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ, ಆಕೆ ಬಾಯಿಗೆ ಮೈಗೆ ಸುತ್ತಿದ ಚಿಟೆಂಗೆ ಬಟ್ಟೆಯ ಸೆರಗು ಒತ್ತಿಕೊಂಡು ನಗುತ್ತಾಳೆ, ಹೊಟ್ಟೆ ಹಿಡಿದುಕೊಂಡು. ಏನು ಕೊಟ್ಟಳು ಅಂದರೆ, ಯಾರು, ಏನು, ನೀರಿಗೆ ಹೋಗಿದ್ದೆ. ನೀರಿಗೆ ಹೋದವನ ಬಕೆಟ್ಟು ಖಾಲಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ಕುಡಿಯಲಿ, ಮೂತಿಯನ್ನಾದರೂ ಒರೆಸಿಕೊಳ್ಳಬಾರದೇ. ಅದಾದ ಎರಡು ದಿನಕ್ಕೆ ಅವನ ಬನಿಯನ್ನು ಮೂಗಿಗೆ ಹಿಡಿದಾಗ — ಹಿಡಿದಳು, ಹೌದು, ಯಾವ ಹೆಂಡತಿ ಹಿಡಿಯುವುದಿಲ್ಲ — ತನ್ನ ನೀಲಿ ಸೋಪಿನ ವಾಸನೆ ಅಲ್ಲ, ನಿಂಬೆ, ನಿಂಬೆಹಣ್ಣಿನ ವಾಸನೆ, ಈ ಬೀದಿಯಲ್ಲಿ ನಿಂಬೆ ಗಿಡ ಇರುವುದು ಒಂದೇ ಅಂಗಳದಲ್ಲಿ.

ಬಂತೇ, ಬಂತೇನೋ, ಚುಕ್ಕೆಯ ಸುತ್ತ ವ್ಯಾಸಲೀನ್ ಕೊಂಚ ಮಿನುಗಿತು, ಒಂದು ಗುಳ್ಳೆ, ಮತ್ತೆ ಸುಮ್ಮನಾಯಿತು, ಒಳಗಿದ್ದುಕೊಂಡೇ ಇಣುಕಿ ನೋಡುತ್ತಿದೆ ಕಳ್ಳ, ಕಟೊಂಗೊಳ ಸೊಂಟದಲ್ಲಿ ಮತ್ತೆ ಆ ಎರಡು ದಿನದ ತುರಿಕೆ, ಎಲಾಸ್ಟಿಕ್ಕು ಬಿಗಿಯಾಯಿತೋ ಬೆವರೋ, ಕೂತು ಕೆರೆಯಲು ಯಾರಿಗೆ ಪುರುಸೊತ್ತು, ವಾರ್ಡಿನಲ್ಲಿ ನಿಂತಾಗಲೂ ಹೀಗೇ, ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸೂಜಿ, ಮೂರನೆಯ ಕೈ ಇದ್ದಿದ್ದರೆ ಅದು ಬಟ್ಟೆ ಒಗೆಯಲು ಹೋಗುತ್ತಿತ್ತು. ಆದರೂ ನಡೆಸಿದ್ದಾಳೆ, ಹೇಗೋ ನಡೆಸಿದ್ದಾಳೆ, ಜೊತೆಯ ನರ್ಸು ರಜೆ ಹಾಕಿದ ಮೇಲೆ ಈ ತಿಂಗಳೆಲ್ಲ ಎರಡೆರಡು ಪಾಳಿ, ಅಷ್ಟಾದರೂ ರಾಶಿ ತನ್ನಷ್ಟಕ್ಕೆ ತಾನು ಇಳಿದದ್ದುಂಟು, ಸೋಮವಾರ ಎದೆಯ ಮಟ್ಟ ಇದ್ದದ್ದು ಶುಕ್ರವಾರ ಮೊಣಕಾಲಿಗೆ, ಯಾವಾಗ ಒಗೆದೆನೋ ನೆನಪೇ ಇಲ್ಲ, ದಣಿದವರ ನೆನಪು ಹಾಗೇ, ಕೈ ತನ್ನ ಪಾಡಿಗೆ ಒಗೆಯುತ್ತದೆ, ತಲೆ ನಿದ್ದೆ ಮಾಡುತ್ತದೆ, ಯೂನಿಫಾರಂ ಮೇಲೆ ನೇರಳೆ ಔಷಧಿ ಚೆಲ್ಲಿ ಅಂಗೈಯಗಲ ಕಲೆಯಾಗಿತ್ತು, ಅದು ಹೋಗುವ ಕಲೆಯಲ್ಲ, ಬಿಸಾಡಬೇಕು ಅಂತಲೇ ರಾಶಿಗೆ ಎಸೆದಿದ್ದಳು, ವಾರದ ಕೊನೆಗೆ ನೋಡಿದರೆ ಕುರ್ಚಿಯ ಮೇಲೆ ಮಡಿಸಿಟ್ಟಿದೆ, ಬೆಳ್ಳಗೆ, ಆಗ ಅವಳಿಗೆ ಅವಳ ಮೇಲೆಯೇ ಹೆಮ್ಮೆ ಬಂದಿತ್ತು, ನೋಡೇ ಕಟೊಂಗೊ ನೀನು ನಿದ್ದೆಯಲ್ಲೂ ಕೆಲಸಗಾತಿ, ಇಸ್ತ್ರಿ ಒತ್ತಿ ಹಾಕಿಕೊಂಡು ಹೋದಳು. ಇಷ್ಟು ಮಾಡಿದವಳಿಗೆ ಇದು ಬಹುಮಾನ. ಗಂಡಸರಿಗೆ ಬಟ್ಟೆ ಗಿಡದಲ್ಲಿ ಬಿಡುತ್ತದೆ, ಒಗೆದದ್ದು, ಮಡಿಸಿದ್ದು, ಕೈ ಚಾಚಿದರೆ ಸಿಗುತ್ತದೆ. ಒಬ್ಬನೇ ಒಬ್ಬ ಗಂಡಸು ಈ ಬೀದಿಯಲ್ಲಿ ಬಟ್ಟೆಗೆ ಕೈ ಹಾಕಿದ್ದ, ಮೂಲೆಮನೆಯ ಲೆಂಗ್ವೆ, ಪಾಪ, ಹೆಂಡತಿ ಬಸುರಿ ಅಂತ ಅವಳ ಚಿಟೆಂಗೆ ತಂದು ನಲ್ಲಿಯ ಕೆಳಗೆ ತಿಕ್ಕುತ್ತಿದ್ದ, ಸುದ್ದಿ ಸಂಜೆಯೊಳಗೆ ಅವನ ತಾಯಿಗೆ ಮುಟ್ಟಿತು, ಮರುದಿನ ಮುದುಕಿ ಬಸ್ಸಿಳಿದು ನೆಟ್ಟಗೆ ನಲ್ಲಿಗೇ ಬಂದು, ಏನೇ ಹಾಕ್ದೆ ನನ್ನ ಮಗನ ಸಾರಿಗೆ, ಯಾವ ಬೇರು, ಯಾವ ಮದ್ದು, ಹೇಳು, ಗಂಡಸಾಗಿದ್ದೋನು ಹೆಣ್ಣಿನ ಬಟ್ಟೆ ತಿಕ್ಕೋ ಹಾಗೆ ಮಾಡಿದ್ಯಲ್ಲೇ — ಬೀದಿಯೆಲ್ಲ ನಗು, ಸೊಸೆ ಅಳುತ್ತ ಒಳಗೆ ಓಡಿದಳು, ಲೆಂಗ್ವೆ ಒಂದು ವಾರ ಹಗಲಲ್ಲಿ ಹೊರಗೆ ಬರಲಿಲ್ಲ. ಕಟೊಂಗೊ ಕೂಡ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ, ಮನೆಗೆ ಬಂದು ಲೆಂಗ್ವೆ ಹೇಗೆ ಕುಕ್ಕರಗಾಲಲ್ಲಿ ಕೂತು ತಿಕ್ಕುತ್ತಿದ್ದ ಅಂತ ಬೇಸಾನ ಮುಂದೆ ಕೂತು ತೋರಿಸಿದ್ದಳು, ಮಪಾಲೊ ಬಿದ್ದು ಬಿದ್ದು ನಕ್ಕಿತ್ತು, ಬೇಸಾ ತಟ್ಟೆ ನೋಡುತ್ತ ನ್ಶಿಮಾ ತುತ್ತು ಮಾಡುತ್ತಿದ್ದ. ಅವನು ನಗಲಿಲ್ಲ ಅನ್ನುವುದು ಈಗ ನೆನಪಾಗುತ್ತದೆ, ಯಾಕೆ ನೆನಪಾಗಬೇಕೋ, ಆಗಲೇ ಅವನ ಮನಸ್ಸು ಬೇಲಿಯಾಚೆ ಇತ್ತು ಅಂತ ಕಾಣುತ್ತದೆ.

ಬಂತು — ಈಗ ನಿಜವಾಗಿ, ಚುಕ್ಕೆ ಮೇಲೆದ್ದಿತು, ಹಿಂದೆ ಬೆಳ್ಳಗಿನ ತುದಿ, ಉಸಿರು ಬಿಡಬೇಡಿ, ಹೆಬ್ಬೆರಳು ಎರಡೂ ಕಡೆ, ಒತ್ತು, ಇನ್ನೂ, ಅಯ್ಯಯ್ಯೋ ಕೊಲ್ತೀಯಾ ನನ್ನ, ಸುಮ್ನಿರಿ ಬಂತು, ಬಂತು, ಕೊಬ್ಬಿದ ಅಕ್ಕಿಕಾಳಿನಂತೆ ಹತ್ತಿಯ ಮೇಲೆ ಬಿದ್ದು ಮೈ ತಿರುವುತ್ತದೆ, ನೋಡು, ಸಾಕ್ಷಿ, ಇದಕ್ಕೊಂದು ಬಾಯಿದ್ದಿದ್ದರೆ ಯಾರ ಅಂಗಳದಲ್ಲಿ ಹುಟ್ಟಿದೆ ಅಂತ ಹೇಳುತ್ತಿತ್ತು, ಇದಕ್ಕಿಲ್ಲ, ಅವನಿಗಿದೆ. ಕೇಳಬೇಕು, ಈಗಲೇ, ಮುಖ ದಿಂಬಿನಲ್ಲಿ ಇರುವಾಗಲೇ, ಕಣ್ಣು ನೋಡಿದರೆ ತನಗೆ ಅಳು ಬರುತ್ತದೆ, ಅತ್ತರೆ ಕೇಳುವುದು ಅರ್ಧಕ್ಕೇ ನಿಲ್ಲುತ್ತದೆ. ಬಾಶಿ ಮಪಾಲೊ, ನಿಮ್ಮ ಬನಿಯನ್ನು ಯಾರು ಒಗೆದದ್ದು. ನೀನೇ ಅಲ್ವಾ. ನಾನು ಒಗೆದದ್ದಕ್ಕೆ ಇಸ್ತ್ರಿ ಆಗಿರುತ್ತೆ, ಇದು ಯಾರದೋ ಹುಲ್ಲಿನ ಮೇಲೆ ಒಣಗಿರೋದು, ಯಾರ ಹುಲ್ಲು. ಬೆನ್ನು ಏರುತ್ತದೆ ಇಳಿಯುತ್ತದೆ, ಗ್ಯಾರೇಜಿನ ಹಿಂದೆ ಹುಲ್ಲಿದೆ, ಮಾವಿನಮರದ ಕೆಳಗೆ, ಅಂತ ದಿಂಬಿಗೆ ಹೇಳುತ್ತಾನೆ. ಗ್ಯಾರೇಜಿನ ಹಿಂದಂತೆ, ಬಸ್ಸು ರಿಪೇರಿ ಮಾಡುವವನಿಗೆ ಮಾವಿನಮರದ ಕೆಳಗೆ ಬನಿಯನ್ನು ಬಿಚ್ಚಿ ಒಣಹಾಕುವ ಕೆಲಸವೇನು, ಸುಳ್ಳಾದರೂ ಒಂದು ಅಂದಚೆಂದ ಬೇಡವೇ, ಇನ್ನು ಹೆಸರು ಹಿಡಿದೇ ಕೇಳುತ್ತಾಳೆ, ಎಕ್ಸಿಲ್ಡಾ ಅಂತ, ಆ ಹೆಸರು ಗಂಟಲಿಗೆ ಬಂದಿದೆ, ನಾಲಿಗೆಯ ತುದಿಗೆ ಬಂದಿದೆ, ಈ ಹಾಳು ತುರಿಕೆ, ಥೂ, ಮಾತಾಡಲೂ ಬಿಡುವುದಿಲ್ಲ, ಸೊಂಟದ ಚರ್ಮವನ್ನೇ ಕಿತ್ತುಬಿಡುವ ಹಾಗೆ, ಎಡಗೈಯಲ್ಲಿ ಚಿಟೆಂಗೆ ಸಡಿಲಿಸಿ ಒಳಲಂಗದ ಎಲಾಸ್ಟಿಕ್ಕು ಕೆಳಗೆ ಸರಿಸಿ ಕೆರೆಯಲು ಹೋದ ಬೆರಳು ಉಬ್ಬನ್ನು ಮುಟ್ಟುತ್ತದೆ, ಬಿಸಿಯಾಗಿದೆ, ಗಟ್ಟಿಯಾಗಿದೆ, ತಲೆ ಬಗ್ಗಿಸಿ ನೋಡುತ್ತಾಳೆ — ಕೆಂಪಗೆ, ನಡುವೆ ಒಂದು ಚುಕ್ಕೆ.

ಇಲ್ಲ, ಇದು ಹೇಗೆ, ತನ್ನ ಒಳಲಂಗ, ಇಸ್ತ್ರಿಯಾದ ರಾಶಿಯಿಂದಲೇ ತೆಗೆದದ್ದು, ಹೋದ ವಾರ ಪಾಳಿಗೆ ಹೊರಡುವ ನಸುಕಿನಲ್ಲಿ ಅವಸರದಲ್ಲಿ ಎಳೆದುಕೊಂಡದ್ದು, ನಾಲ್ಕು ಮಡಿಕೆ ಇತ್ತು, ತಾನು ಯಾವಾಗಲೂ ಮೂರೇ ಮಡಿಸುವುದು, ಆಗ ಅನ್ನಿಸಿತ್ತು, ಅನ್ನಿಸಿ ಮರೆತುಹೋಗಿತ್ತು, ಬಸ್ಸಿಗೆ ಹೊತ್ತಾಗಿತ್ತು. ಯಾರದೋ ಗಂಡನ ಬನಿಯನ್ನಿಗೆ ಆಸೆಪಟ್ಟವಳು ಅವನ ಹೆಂಡತಿಯ ಒಳಲಂಗ ಒಗೆಯುತ್ತಾಳೆಯೇ, ಪ್ರಪಂಚದಲ್ಲಿ ಯಾವ ಎಕ್ಸಿಲ್ಡಾಳೂ ಒಗೆಯುವುದಿಲ್ಲ, ಖಾಲಿ ಬಕೆಟ್ಟು, ಮುಷ್ಟಿಯಲ್ಲಿ ನಿಂಬೆಹಣ್ಣು, ಬಾಯಿಗೆ ಸೆರಗು ಒತ್ತಿಕೊಂಡ ಆ ನಗು, ಭಾವಾ ನೇರಳೆ ಕಲೆಗೆ ನಿಂಬೆ ಹಿಂಡಿ ಬಿಸಿಲಿಗೆ ಹಾಕಿ ಅಂದಿರಬೇಕು, ಯಾರಿಗೂ ಹೇಳಲ್ಲ ಹೋಗಿ ಅಂದಿರಬೇಕು, ಹೇಳಲಿಲ್ಲವಲ್ಲ, ನಲ್ಲಿಯ ಹತ್ತಿರ ಅಷ್ಟು ನಗಿಸಿದವಳು ಇದೊಂದನ್ನು ಹೇಳಲಿಲ್ಲವಲ್ಲ, ರಾಶಿ ಎದೆಯಿಂದ ಮೊಣಕಾಲಿಗೆ ಇಳಿದದ್ದು, ನಿದ್ದೆಯಲ್ಲೂ ಒಗೆಯುವ ತನ್ನ ಕೈಗಳು, ಅವು ತನ್ನ ಕೈಗಳಲ್ಲ, ಗ್ರೀಸಿನ ಕೈಗಳು, ಗ್ಯಾರೇಜಿನ ಹಿಂದಿನ ನಲ್ಲಿಯಲ್ಲಿ, ಯಾರೂ ನೋಡದಲ್ಲಿ, ಕುಕ್ಕರಗಾಲಲ್ಲಿ ಕೂತು, ತಾನು ಅವನ ಮುಂದೆ ಕೂತು ತೋರಿಸಿದ ಹಾಗೆಯೇ ಕೂತು, ಬಿಸಿಲಿನ ಹಗ್ಗಕ್ಕೆ ಹಾಕಿದರೆ ಬೀದಿ ನೋಡುತ್ತದೆ ಅಂತ ಮರದ ನೆರಳಿನ ಹುಲ್ಲಿಗೆ ಹರವಿ, ಒಣಗಿದ್ದನ್ನು ಮಡಿಸಿ ಕದ್ದು ತಂದು ಅವಳ ಇಸ್ತ್ರಿಯಾದ ರಾಶಿಗೆ ಸೇರಿಸಿ, ಇಸ್ತ್ರಿ ಯಾಕೆ ಬೇಕು ಅಂತ ಅವನಿಗೆ ಯಾರು ಹೇಳಿದ್ದರು, ಹಾಗೆ ಚಿವುಟಿ ಚಿವುಟಿ ಹೇಳಿಕೊಟ್ಟದ್ದೆಲ್ಲ ಹೆಣ್ಣಿನ ತೊಡೆಗೆ, ಗಂಡಸನ್ನು ಯಾರೂ ಚಾಪೆಯ ಮೇಲೆ ಕೂರಿಸಲಿಲ್ಲ. ಎಕ್ಸಿಲ್ಡಾ ಇಷ್ಟು ದಿನ ಗೊತ್ತಿದ್ದವಳು, ತಾನು ಗೊತ್ತಿಲ್ಲದವಳು, ಅದಕ್ಕೂ ಒಂದು ಸಣ್ಣ ಕಿಚ್ಚು ಹೊಟ್ಟೆಯಲ್ಲಿ ಹೊತ್ತಿಕೊಳ್ಳುತ್ತದೆ, ತನ್ನ ಗಂಡನ ಇದೊಂದು ಗುಟ್ಟು ಮೊದಲು ಆಕೆಗೆ ಸಿಕ್ಕಿತಲ್ಲ ಅಂತ. ಮುಗೀತಾ, ಎನ್ನುತ್ತಾನೆ ಬೇಸಾ, ಮುಖ ಎತ್ತದೆ, ಎಲ್ಲಾ ಬಂತಾ. ಇಲ್ಲ, ಅನ್ನುತ್ತಾಳೆ, ಇನ್ನೊಂದಿದೆ. ಎಲ್ಲಿ, ನನಗೇನೂ ಉರೀತಿಲ್ವಲ್ಲ ಈಗ. ವ್ಯಾಸಲೀನಿನ ಡಬ್ಬಿ ತೊಡೆಯ ಮೇಲಿದೆ, ಬೆರಳು ಅದರಲ್ಲಿ ಅದ್ದಿದೆ, ಹಚ್ಚಬೇಕು, ಹಚ್ಚುವುದಿಲ್ಲ, ತಲೆ ಬಗ್ಗಿಸಿ ಸೊಂಟವನ್ನೇ ನೋಡುತ್ತಾಳೆ, ಅಲುಗಿತೇ, ಅಲುಗಿತು, ಕಪ್ಪು ಚುಕ್ಕೆ, ಉಸಿರಾಡುತ್ತಿದೆ.